ಒಮ್ಮೆ ಸೋಸಿದ ನೀರು

ಅಮ್ಮಣ್ಣೀ, ಕಿನ್ನೀ,

ಇವು ನಾನು ನಿಮ್ಮನ್ನು ಮನೆಯಲ್ಲಿ ಕರೆಯುವ ಹೆಸರುಗಳು. ಶಾಲೆಯಲ್ಲಿ ಹಾಜರಿ ಕೂಗುವ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರ ಹೆಸರನ್ನೂ ಬರೆಯುವುದಿಲ್ಲ. ಹಾಳೆ ಎಲ್ಲಿಗೆ ಹಾರಿ ಹೋಗುತ್ತದೆಂದು ಹೇಳಲಿಕ್ಕಾಗದು. ಊರಿನ ಬಾಯಿ ಹೇಗೆ ಎಂದು ನನಗೆ ಗೊತ್ತುಂಟು.

ನನಗೆ ಮಾತು ಬರುವುದಿಲ್ಲ ಎಂದು ನೀವಿಬ್ಬರೂ ನಗುತ್ತೀರಿ. ಹೌದು. ಮನೆಗೆ ನೆಂಟರು ಬಂದರೆ ನಾನು ಅಡುಗೆಮನೆಯ ಬಾಗಿಲ ಹಿಂದೆ. ನಿಮ್ಮ ಅಜ್ಜ ಇದ್ದಾಗ, "ನಿನ್ನ ಬಾಯಿ ಬಾವಿಗೆ ಬಿದ್ದಿದೆಯಾ ಮಾರಾಯ್ತಿ, ಹಗ್ಗ ಕೊಡ್ಲಾ?" ಎಂದು ಕೇಳುತ್ತಿದ್ದರು. ಅವರು ಹೋದ ಮೇಲೆ ಹಾಗೆ ಕೇಳುವವರೂ ಇಲ್ಲ. ಬೆಳ್ತಂಗಡಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಆದರೆ ಬಾಯಲ್ಲಿ ಬಾರದ್ದು ಕೈಯಲ್ಲಿ ಸ್ವಲ್ಪ ಬರುತ್ತದೆ. ಈಗ ಬರೆಯುತ್ತಿರುವುದು ಸಿಟ್ಟಿನಿಂದ. ಓದುವಾಗ ಅದು ನಿಮಗೆ ಗೊತ್ತಾದರೆ ಆಗಲಿ.

ಕಳೆದ ವಾರ ಬೆಳ್ತಂಗಡಿಯ ಮದುವೆಗೆ ಹೋಗಿದ್ದೆವಲ್ಲ. ಊಟ ಮುಗಿಸಿ ಕೈ ತೊಳೆಯುವಲ್ಲಿ ನನ್ನ ಅತ್ತಿಗೆಯ ತಂಗಿ ಸಿಕ್ಕಿದಳು. ಅಮ್ಮಣ್ಣಿಯ ಗಲ್ಲ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅಯ್ಯೋ, ಈ ಹುಡುಗಿ ಮೊದಲು ಎಷ್ಟು ಭಕ್ತಿಯವಳು! ಸಾಕ್ಷಾತ್ ಸನ್ಯಾಸಿನಿಯ ಹಾಗೆ ಇದ್ದಳು. ಆಸ್ಪತ್ರೆಗೆ ಹಾಕಿ ಹಾಳು ಮಾಡಿದ್ರು. ಈಗ ನೋಡು, ನಳ್ಳಿ ನೀರಲ್ಲಿ ಬಾಯಿ ಮುಕ್ಕಳಿಸ್ತಾಳೆ."

ಅಮ್ಮಣ್ಣಿ ನಕ್ಕಳು. ಅವಳ ಕಿವಿ ಕೆಂಪಾದದ್ದನ್ನು ನಾನು ಕಂಡೆ. ಕೈ ಒರೆಸಿಕೊಳ್ಳುತ್ತಾ ನಿಂತೆ. ಮನೆಗೆ ಬರುವ ದಾರಿಯಲ್ಲಿ ಕಿನ್ನಿ ನನ್ನ ಸೆರಗು ಎಳೆದು ಕೇಳಿದಳು, "ಅಜ್ಜಿ, ಅಕ್ಕನಿಗೆ ಆಗ ಆದದ್ದು ಟೈಫಾಯ್ಡ್ ಅಲ್ಲವಾ?"

ಅಲ್ಲ ಮಗಾ. ಟೈಫಾಯ್ಡ್ ಅಲ್ಲ. ಆಗ ನೀನು ಒಂದನೇ ಕ್ಲಾಸು. ನಿನಗೆ ಹಾಗೆಂದು ಹೇಳಲಿಕ್ಕೆ ಮನೆಯವರೆಲ್ಲ ಕೂತು ತೀರ್ಮಾನ ಮಾಡಿದ್ದೆವು. ಈಗ ನಿಜ ಬರೆಯುತ್ತೇನೆ.

ನಮ್ಮ ಜೈನರ ಮನೆಯಲ್ಲಿ ನೀರು ಸೋಸುವ ಕ್ರಮ ನಿಮಗೆ ಹೊಸತಲ್ಲ. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆ ಎರಡು ಮಡಿಕೆ ಮಾಡಿ ಕೊಡಪಾನದ ಬಾಯಿಗೆ ಕಟ್ಟಿ ಸೋಸುವುದು. ಆಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರಲ್ಲೇ ಸ್ವಲ್ಪ ಜಾಲಾಡಿಸಿ, ಆ ನೀರನ್ನು ಅದೇ ಬಾವಿಗೆ ಮೆಲ್ಲಗೆ ಬಿಡುವುದು. ಬಟ್ಟೆಯಲ್ಲಿ ಸಿಕ್ಕಿದ ಸಣ್ಣ ಜೀವಗಳು ತಮ್ಮ ಮನೆಗೆ ಹೋಗಲಿ ಎಂದು. ಸೋಸಿದ ನೀರು ಎರಡು ಗಳಿಗೆ, ಎಂದರೆ ಮುಕ್ಕಾಲು ಗಂಟೆ, ಕಳೆದರೆ ಮತ್ತೆ ಸೋಸಬೇಕು. ನನ್ನ ಅಮ್ಮ ಮಾಡುತ್ತಿದ್ದರು, ನಾನು ಮಾಡುತ್ತೇನೆ. ನನಗೆ ಅದರಲ್ಲಿ ಕಷ್ಟವೇನೂ ಕಂಡಿಲ್ಲ. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನಿಂತು ಅಷ್ಟು ಮಾಡುವಾಗ ಮನಸ್ಸಿಗೆ ತಂಪಾಗುತ್ತದೆ. ಅಮ್ಮಣ್ಣಿ ಎಂಟು ವರ್ಷದವಳಿರುವಾಗಲೇ ನನ್ನ ಬದಿಯಲ್ಲಿ ನಿಂತು ಕಲಿತಳು. ಬಟ್ಟೆ ಕಟ್ಟುವಾಗ ನಾಲಿಗೆ ಹೊರಗೆ ಚಾಚಿ ಕಟ್ಟುತ್ತಿದ್ದಳು.

ಅವಳು ಒಂಬತ್ತನೇ ಕ್ಲಾಸಿಗೆ ಹೋದ ವರ್ಷ, ಮಳೆ ಬಿಟ್ಟ ಮೇಲೆ, ಬಾವಿಯಲ್ಲಿ ಸಣ್ಣ ಕೆಂಪು ಹುಳ ಕಂಡಿತು. ಹಾಗೆ ಕಾಣುವುದುಂಟು. ಅವಳು ಒಮ್ಮೆ ಸೋಸಿದಳು, ನೋಡಿದಳು, ಮತ್ತೊಮ್ಮೆ ಸೋಸಿದಳು. ಆ ದಿನ ಅಷ್ಟೇ. ಸ್ವಲ್ಪ ದಿನ ಕಳೆಯುವಾಗ ಸೋಸಿದ್ದನ್ನು ಮತ್ತೆ ಮತ್ತೆ ಸೋಸಲಿಕ್ಕೆ ಶುರು ಮಾಡಿದಳು. ಬಟ್ಟೆ ಹಿಂಡಿದರೆ ಜೀವ ಸಾಯುತ್ತದೆ ಎಂದು ಹಿಂಡುವುದನ್ನು ಬಿಟ್ಟಳು. ಹಿಂಡದ ಬಟ್ಟೆಯಿಂದ ಕಲ್ಲಿನ ಮೇಲೆ ಹನಿ ಬಿದ್ದರೆ ಆ ಹನಿಯಲ್ಲಿ ಏನು ಸತ್ತಿತೋ ಎಂದು ಅಳು. ಆ ಕೈಗೆ ಪಾಪ ತಾಗಿತು ಎಂದು ಕೈ ತೊಳೆಯುವುದು. ತೊಳೆದ ನೀರು ಸೋಸಿದ್ದು ಹೌದೋ ಅಲ್ಲವೋ ಎಂದು ಮತ್ತೆ ಮೊದಲಿಂದ. ಎರಡು ಗಳಿಗೆಯ ಲೆಕ್ಕ ತಪ್ಪುತ್ತದೆಂದು ಗಡಿಯಾರ ತಂದು ಕೊಡಪಾನದ ಬದಿಯಲ್ಲಿ ಇಟ್ಟಳು. ಅಂಗಳದಲ್ಲಿ ಇರುವೆ ತುಳಿಯುತ್ತೇನೆಂದು ಒಂದು ಹೆಜ್ಜೆ ಇಟ್ಟು ನಿಲ್ಲುವುದು, ಬಗ್ಗಿ ನೋಡುವುದು. ಅವಳು ಗೇಟಿಗೆ ತಲುಪುವಾಗ ಶಾಲೆಯ ಬಸ್ಸು ಹೋಗಿ ಆಗಿರುತ್ತಿತ್ತು.

ಮತ್ತೆ ಪ್ರತಿ ಸಲ ನನ್ನನ್ನು ಕೇಳುವುದು: "ಅಜ್ಜಿ, ಸರಿ ಉಂಟಾ?" ನಾನು "ಸರಿ ಉಂಟು ಮಗಾ" ಎನ್ನುವುದು. "ನಿಜವಾ?" "ನಿಜ." ತಿರುಗಿ ಹೋದವಳು ಅಡುಗೆಮನೆಯ ಹೊಸ್ತಿಲು ದಾಟುವ ಮೊದಲೇ ಮತ್ತೆ ಬರುವುದು.

ಇದನ್ನು ನೋಡಿ ನಮ್ಮವರು ಏನು ಮಾಡಿದರು ಗೊತ್ತುಂಟಾ? ಹೊಗಳಿದರು.

ನನ್ನ ಸಿಟ್ಟಿನ ಬೇರು ಇಲ್ಲೇ ಇರುವುದು. ಬೇರೆ ಮನೆಯಲ್ಲಾದರೆ ಮಗು ಸಾಬೂನು ಮುಗಿಸುತ್ತದೆ ಎಂದು ಬೈಯುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ಕೈ ಮುಗಿದರು. ನಿಮ್ಮ ದೊಡ್ಡಜ್ಜ, ಎಂದರೆ ನನ್ನ ಅಣ್ಣ, ತಾವಿರುವ ಆಚೆ ಮನೆಯಿಂದ ನೆಂಟರನ್ನು ಬಾವಿಕಟ್ಟೆಗೆ ಕರೆದುಕೊಂಡು ಬಂದು ತೋರಿಸುತ್ತಿದ್ದರು. "ನೋಡಿ, ಈ ಕಾಲದಲ್ಲಿ ಇಂಥ ಮಕ್ಕಳು ಉಂಟಾ? ನಮ್ಮ ಮನೆತನದ ಪುಣ್ಯ." ಬಂದವರಲ್ಲಿ ಒಬ್ಬಳು, "ನಮ್ಮವಳು ದಿನವಿಡೀ ಮೊಬೈಲು ತಿಕ್ಕುತ್ತಾಳೆ, ನಿಮ್ಮವಳು ಕೈ ತಿಕ್ಕುತ್ತಾಳೆ, ಯಾವುದು ಒಳ್ಳೆಯದು ಹೇಳಿ" ಎಂದಳು. ಎಲ್ಲರೂ ನಕ್ಕರು. ಅಮ್ಮಣ್ಣಿ ಅವರ ಎದುರು ತಲೆ ಎತ್ತದೆ ಸೋಸುತ್ತಿದ್ದಳು. ಅವಳ ಬೆರಳಿನ ಗೆಣ್ಣುಗಳಲ್ಲಿ ರಕ್ತ ಒಸರುತ್ತಿತ್ತು. ಊಟಕ್ಕೆ ಕೂತರೆ ಉಪ್ಪಿನಕಾಯಿ ತಾಗಿ ಉರಿಯುತ್ತದೆಂದು ಎಡಗೈಯಲ್ಲಿ ಚಮಚ ಹಿಡಿಯುತ್ತಿದ್ದಳು. ಅದನ್ನು ಯಾರೂ ನೋಡಲಿಲ್ಲ. ಕೊಡಪಾನ ನೋಡಿದರು.

ನಮ್ಮಲ್ಲಿ ಮನೆತನ ನಡೆಯುವುದು ಹೆಣ್ಣಿನಿಂದ ಎಂದು ಹೇಳುತ್ತಾರೆ. ಮನೆ ಹೆಣ್ಣಿನದು, ಸಂತಾನ ಹೆಣ್ಣಿನದು. ಯಜಮಾನಿಕೆ ಮಾತ್ರ ಅಣ್ಣನದು. ನಿಮ್ಮ ಅಮ್ಮನಿಗೆ ಅವರು ಸೋದರಮಾವ. ಮಾವ ಕೂತಿದ್ದರೆ ಅವಳು ಕೂರುವುದಿಲ್ಲ. ನಿಮ್ಮ ಅಪ್ಪ ಬಂಟ್ವಾಳದಲ್ಲಿ ಅಂಗಡಿ ಇಟ್ಟುಕೊಂಡವರು, ಬೆಳಿಗ್ಗೆ ಹೋದರೆ ಸಂಜೆ ಬರುವವರು, ಹೆಂಡತಿಯ ಮನೆಯ ವಿಷಯಕ್ಕೆ ಬಾಯಿ ಹಾಕುವವರಲ್ಲ. ಹಾಗಾಗಿ ಅಣ್ಣ ಪುಣ್ಯ ಎಂದ ಮೇಲೆ ಅದು ಪುಣ್ಯವೇ.

ಚರ್ಮದ ಡಾಕ್ಟರಿಗೆ ತೋರಿಸಿದೆವು, ಮುಲಾಮು ಕೊಟ್ಟರು. ಮುಲಾಮು ಹಚ್ಚಿದರೆ ಆ ಕೈಯನ್ನು ಮತ್ತೆ ತೊಳೆಯಬೇಕಲ್ಲ! ಆಮೇಲೆ ಯಾರೋ ಹೇಳಿದರೆಂದು ಕಕ್ಕಿಂಜೆ ಕಡೆಯ ಒಬ್ಬರ ಹತ್ತಿರ ಪ್ರಶ್ನೆ ಕೇಳಲಿಕ್ಕೆ ಹೋದೆವು. ಅವರು ಕವಡೆ ಹಾಕಿ, ಯಾವುದೋ ಮೈಲಿಗೆ ತಾಗಿದೆ, ದಿನಕ್ಕೆ ಎರಡು ಹೊತ್ತು ಹೆಚ್ಚು ಸ್ನಾನ ಮಾಡಿಸಿ ಎಂದರು. ಉರಿಯುವ ಒಲೆಗೆ ಒಳ್ಳೆ ಒಣ ತೆಂಗಿನ ಕೊತ್ತಳಿಗೆ ಇಟ್ಟ ಹಾಗಾಯಿತು. ಆ ಮನುಷ್ಯನನ್ನು ನೆನೆದರೆ ಈಗಲೂ ಹಲ್ಲು ಕಡಿಯುವ ಹಾಗಾಗುತ್ತದೆ. ಮಗು ಬಚ್ಚಲಿನಿಂದ ಹೊರಗೆ ಬರುವುದೇ ನಿಂತಿತು.

ಕೊನೆಗೆ ನೀರು ಕುಡಿಯುವುದನ್ನೇ ಬಿಟ್ಟಳು. ಎಷ್ಟು ಸೋಸಿದರೂ ಮನಸ್ಸಿಗೆ ಸಾಕಾಗದಿದ್ದರೆ ಕುಡಿಯುವುದು ಹೇಗೆ? ಎಳನೀರು ಕೊಟ್ಟರೆ ಕುಡಿದಳು, ಕೆಲವು ದಿನ. ಆಮೇಲೆ ಅದೂ ಇಲ್ಲ. ಶಾಲೆಯಲ್ಲಿ ಬಿದ್ದಳು. ನಿಮ್ಮ ಅಪ್ಪ ಬಂಟ್ವಾಳದಲ್ಲಿ ಗುರುತಿನ ಆಸ್ಪತ್ರೆಗೆ ಸೇರಿಸಿದರು, ಡ್ರಿಪ್ ಹಾಕಿದರು. ಅಲ್ಲಿಯ ಎಳೆ ಡಾಕ್ಟರು ನಮ್ಮ ಮುಖ ನೋಡದೆ, "ಹಠ ಇದು. ಮುದ್ದು ಹೆಚ್ಚಾಗಿದೆ. ಎರಡು ಪೆಟ್ಟು ಬಿಟ್ಟರೆ ಸರಿಯಾಗ್ತದೆ" ಎಂದರು. ನರ್ಸು ನೀರಿನ ಬಾಟಲಿ ಇಟ್ಟು, "ಏನು ಮಹಾರಾಣಿ, ಗಂಗಾಜಲ ತರಿಸಬೇಕಾ?" ಎಂದಳು. ನಿಮ್ಮ ಅಮ್ಮ ಗೋಡೆಗೆ ಮುಖ ಹಾಕಿ ಅತ್ತಳು. ಹೊಗಳುವವರು ಒಂದು ಕಡೆ, ಹಳಿಯುವವರು ಒಂದು ಕಡೆ. ಏನಾಗ್ತದೆ ನಿನಗೆ ಎಂದು ಆ ಮಗುವಿನ ಹತ್ತಿರ ಕೇಳಿದವರು ಒಬ್ಬರೂ ಇಲ್ಲ.

ಮರುದಿನ ರೌಂಡ್ಸಿಗೆ ಬಂದ ಹಿರಿಯ ಡಾಕ್ಟರೊಬ್ಬರು ಕೇಳಿದರು. ಅವಳ ಕೈಯನ್ನು ಮಗುಚಿ ನೋಡಿ, ಸ್ಟೂಲು ಎಳೆದು ಕೂತು, "ಸೋಸಿದ್ದು ಸಾಲಲಿಲ್ಲ, ಸಾಲಲಿಲ್ಲ ಅಂತ ಒಳಗೆ ಹೇಳ್ತಾ ಇರ್ತದಾ ಮಗಾ? ಬೇಡ ಅಂದರೂ ಬಿಡುವುದಿಲ್ಲವಾ?" ಎಂದರು. ಅಮ್ಮಣ್ಣಿ ಅವರ ಕೋಟಿನ ತೋಳನ್ನು ಹಿಡಿದುಕೊಂಡು ಅತ್ತಳು. ಅವರು ಮಂಗಳೂರು ದಾರಿಯ ಒಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಮಕ್ಕಳ ಮನಸ್ಸಿನ ಕಾಯಿಲೆ ನೋಡುವವರು ಹತ್ತಿರದಲ್ಲಿ ಯಾರಾದರೂ ಇದ್ದಾರಾ ಎಂದು ನಾವು ಕೇಳಿದಲ್ಲೆಲ್ಲ ಇಲ್ಲ ಎಂದೇ ಉತ್ತರ. ನಮ್ಮ ಕಡೆ ಕಾಲೇಜಿಗೆ ಬರಗಾಲವಿಲ್ಲ. ದೂರದೂರದ ಮಕ್ಕಳು ಮೂಡುಬಿದಿರೆಗೆ ಬಂದು ಓದುತ್ತಾರೆ. ಓದುವ ತಲೆ ಕೆಟ್ಟರೆ ತೋರಿಸಲಿಕ್ಕೆ ಮಾತ್ರ ಬಸ್ಸು ಹತ್ತಿ ಹೋಗಬೇಕು.

ಅಲ್ಲಿಯ ಡಾಕ್ಟರು ಹೆಂಗಸು, ನಿಮ್ಮ ಅಮ್ಮನಿಗಿಂತ ಚಿಕ್ಕವರು. ಅಮ್ಮಣ್ಣಿಯೊಬ್ಬಳನ್ನೇ ಕೂರಿಸಿಕೊಂಡು ತುಂಬ ಹೊತ್ತು ಮಾತಾಡಿ, ಆಮೇಲೆ ನಮ್ಮನ್ನು ಕರೆದರು. ಇದಕ್ಕೆ ಓಸಿಡಿ ಎನ್ನುತ್ತಾರೆ, ಗೀಳು ಕಾಯಿಲೆ, ಮಕ್ಕಳಿಗೂ ಬರುತ್ತದೆ, ಯಾರ ತಪ್ಪೂ ಅಲ್ಲ, ಗುಣ ಮಾಡಲಿಕ್ಕಾಗುತ್ತದೆ ಎಂದರು. ನಿಮ್ಮ ಅಮ್ಮ ತಡೆದು ತಡೆದು, "ನಮ್ಮ ಧರ್ಮದ ಕ್ರಮ ಅದು ಮೇಡಂ, ಬಿಡಿಸಲಿಕ್ಕೆ..." ಎಂದಳು.

ಡಾಕ್ಟರು ನನ್ನ ಕಡೆ ತಿರುಗಿದರು. "ಅಮ್ಮ, ನೀವು ನೀರು ಎಷ್ಟು ಸಲ ಸೋಸ್ತೀರಿ?"

"ಒಮ್ಮೆ."

"ಮತ್ತೆ?"

"ಮತ್ತೆ ಎಂಥದು? ಕುಡಿಯುವುದು."

ಅವರು ನಕ್ಕರು. "ನನಗೂ ಅಷ್ಟೇ ಬೇಕಾದ್ದು. ಕ್ರಮ ಬಿಡಿಸಲಿಕ್ಕೆ ಕೂತವಳಲ್ಲ ನಾನು. ಅವಳೂ ನಿಮ್ಮ ಹಾಗೆ ಒಮ್ಮೆ ಸೋಸಿ ಕುಡಿಯುವ ಹಾಗೆ ಆಗಬೇಕು. ನಿಮಗೆ ಸೋಸಿದರೆ ಸಮಾಧಾನ. ಅವಳಿಗೆ ಸೋಸಿದಷ್ಟೂ ಹೆದರಿಕೆ."

ನೀರೇ ಕುಡಿಯದ ಕಾರಣ ಅವಳನ್ನು ಅಲ್ಲೇ ಸೇರಿಸಿಕೊಂಡರು. ಮಕ್ಕಳಿಗೆ ಬೇರೆ ವಾರ್ಡು ಇರಲಿಲ್ಲ. ಹೆಂಗಸರ ವಾರ್ಡಿನ ಮೂಲೆಯಲ್ಲಿ ಒಂದು ಮಂಚ, ಅಡ್ಡಕ್ಕೆ ಹಸಿರು ಪರದೆ. ಪರದೆಯ ಆಚೆ ಒಬ್ಬ ಹೆಂಗಸು ದಿನವಿಡೀ ತನ್ನ ಸತ್ತ ಅಮ್ಮನ ಹತ್ತಿರ ಜಗಳವಾಡುತ್ತಿದ್ದಳು. ಹದಿನಾಲ್ಕು ವರ್ಷದ ಮಗು ಅದನ್ನು ಕೇಳುತ್ತಾ ಮಲಗಬೇಕು. ಅಷ್ಟು ದೊಡ್ಡ ಕಟ್ಟಡ, ಕೆಳಗೆ ಕನ್ನಡಿ ಹೊಳೆಯುವ ಕಾಫಿ ಅಂಗಡಿ, ಮಕ್ಕಳಿಗೊಂದು ಕೋಣೆ ಇಲ್ಲ. ಡಾಕ್ಟರು ಬರುವುದೂ ವಾರದಲ್ಲಿ ಕೆಲವೇ ದಿನ. ಉಳಿದ ದಿನ ಅವರು ಹೇಳಿಕೊಟ್ಟದ್ದನ್ನು ಮಾಡಿಸುವ ಕೆಲಸ ಜೊತೆಗೆ ನಿಂತವರದು. ನಿಂತವಳು ನಾನು. ನಿಮ್ಮ ಅಮ್ಮ ಕಿನ್ನಿಯ ಹತ್ತಿರ ಇರಬೇಕಿತ್ತು.

ಮಾತ್ರೆ ಒಂದು ಕಡೆ. ಇನ್ನೊಂದು ಕಡೆ ಆ ಕೆಲಸ. ಅದನ್ನು ನಾನು ಇಲ್ಲಿ ಸರಿಯಾಗಿ ಬರೆಯಬೇಕು, ಯಾಕೆಂದರೆ ಊರಲ್ಲಿ ಅದಕ್ಕೆ ಏನೇನೋ ಕಥೆ ಕಟ್ಟಿದರು. ಕರೆಂಟು ಕೊಟ್ಟರು, ಕಟ್ಟಿ ಹಾಕಿದರು, ಇತ್ಯಾದಿ. ಏನೂ ಇಲ್ಲ. ಮೊದಲು ಅಮ್ಮಣ್ಣಿಯನ್ನೇ ಕೇಳಿ, ಯಾವುದಕ್ಕೆ ಸ್ವಲ್ಪ ಹೆದರಿಕೆ, ಯಾವುದಕ್ಕೆ ಜಾಸ್ತಿ ಎಂದು ತಿಳಿದುಕೊಂಡರು. ಸಣ್ಣ ಹೆದರಿಕೆಯಿಂದ ಶುರು. ಒದ್ದೆ ಬಟ್ಟೆಯನ್ನು ಹಿಂಡಬೇಕು, ಹಿಂಡಿದ ಮೇಲೆ ಕೈ ತೊಳೆಯದೆ ಕೂರಬೇಕು. ಹೆದರಿಕೆ ಏರುತ್ತದೆ, ಏರಿ ಏರಿ ತಾನೇ ಇಳಿಯುತ್ತದೆ, ಇಳಿಯುವವರೆಗೆ ಕೂರುವುದು. ಅಷ್ಟೇ. ಕೊನೆಯ ಮೆಟ್ಟಿಲು, ಒಂದು ಲೋಟ ನೀರು, ಒಮ್ಮೆ ಸೋಸಿ, ನೋಡದೆ ಕುಡಿಯುವುದು.

ನನಗೂ ಒಂದು ನಿಯಮ ಹಾಕಿದರು. "ಅಜ್ಜಿ, ಸರಿ ಉಂಟಾ?" ಎಂದು ಕೇಳಿದರೆ ಸರಿ ಉಂಟು ಎನ್ನಬಾರದು. ಅದು ಅವಳ ಗೀಳಿಗೆ ಗೊಬ್ಬರ. "ಗೊತ್ತಿಲ್ಲ ಮಗಾ, ಕೂತುಕೊಳ್ಳುವ" ಎನ್ನಬೇಕು.

ಹೇಳುವುದು ಸುಲಭ. ಮಗು ನಡುಗುತ್ತಾ, "ಒಂದು ಸಲ ಹೇಳಜ್ಜಿ, ಒಂದೇ ಸಲ, ಸರಿ ಉಂಟು ಅಂತ ಹೇಳು" ಎಂದು ಕಾಲು ಹಿಡಿಯುವಾಗ "ಗೊತ್ತಿಲ್ಲ" ಎಂದು ಹೇಳಿ ನೋಡಬೇಕು. ಒಮ್ಮೆ ನನ್ನನ್ನು ಪಾಪಿ ಎಂದು ಕೂಗಿದಳು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಪರದೆಯ ಆಚೆಯ ಹೆಂಗಸು ಸಹ ತನ್ನ ಜಗಳ ನಿಲ್ಲಿಸಿ, "ಪಾಪ, ಮುದುಕಿಗೆ ಬೈಬೇಡ" ಎಂದಳು. ನಾನು ಸೀರೆಯ ಅಂಚನ್ನು ಹಿಡಿದುಕೊಂಡು, "ಗೊತ್ತಿಲ್ಲ ಮಗಾ, ಕೂತುಕೊಳ್ಳುವ" ಎಂದೆ. ಕೂತೆವು. ಇಳಿಯಿತು. ಹೆದರಿಕೆ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಅವಳ ಭುಜ ಕೆಳಗೆ ಬಂತು, ಆಕಳಿಸಿದಳು, "ಅಜ್ಜಿ, ಹಸಿವಾಗ್ತದೆ" ಎಂದಳು.

ಹಾಗೆ ಮೆಟ್ಟಿಲು ಹತ್ತಿ ಹತ್ತಿ, ಎರಡು ಸಲ ಸೋಸಿದ ನೀರನ್ನು ಕುಡಿಯುವವರೆಗೆ ಬಂದಿದ್ದಳು. ಡ್ರಿಪ್ ತೆಗೆದಿದ್ದರು. ಇನ್ನೊಂದೇ ಮೆಟ್ಟಿಲು ಎಂದು ಡಾಕ್ಟರು ಖುಷಿಯಲ್ಲಿದ್ದರು.

ಆಗ ಅಣ್ಣ ಬಂದರು.

ಬಂದ ದಿನ ನಾನು ಔಷಧಿಯ ಸಾಲಿನಲ್ಲಿ ನಿಂತಿದ್ದೆ. ತಿರುಗಿ ಬರುವಾಗ ಅವರು ಹೊರಟು ಹೋಗಿದ್ದರು. ಅಮ್ಮಣ್ಣಿಯ ಮುಖದಲ್ಲಿ ಏನೋ ಗೆಲುವು. ಮರುದಿನ ಆಸ್ಪತ್ರೆಯ ನೀರು ಮುಟ್ಟಲಿಲ್ಲ. ಅದರ ಮರುದಿನವೂ ಇಲ್ಲ. ಮತ್ತೆ ಬೆರಳುಗಳನ್ನು ಉಜ್ಜಲಿಕ್ಕೆ ಶುರು. ಏನಾಯಿತೆಂದು ನನಗೆ ತಿಳಿಯಲೇ ಇಲ್ಲ. ಡಾಕ್ಟರು ಬಂದು ಮಂಚದ ಕೆಳಗೆ ಬಗ್ಗಿ ನೋಡಿದರು. ಚೀಲದ ಹಿಂದೆ ಸ್ಟೀಲಿನ ಕ್ಯಾನು. ನಮ್ಮ ಬಾವಿಯ ನೀರು. ದೊಡ್ಡಜ್ಜ ಮನೆಯಲ್ಲಿ ತಾವೇ ಕೂತು, ಸೋಸಿ ಸೋಸಿ ಸೋಸಿ ತಂದದ್ದು. "ಕುಡಿ ಮಗಾ, ಇದು ಶುದ್ಧ, ಇಲ್ಲಿಯದ್ದು ಕುಡಿಯಬೇಡ" ಎಂದು ಹೇಳಿ ಕೊಟ್ಟದ್ದು.

ಕೇಳಿ ಮಕ್ಕಳೇ, ಅವರಿಗೆ ಅಮ್ಮಣ್ಣಿಯ ಮೇಲೆ ಪ್ರೀತಿ ಇರಲಿಲ್ಲವೆಂದು ನಾನು ಬರೆಯುವುದಿಲ್ಲ. ಆ ವಯಸ್ಸಿನಲ್ಲಿ ಕ್ಯಾನು ಹಿಡಿದುಕೊಂಡು ಅಷ್ಟು ದೂರ ಬಂದಿದ್ದರು. ಆದರೆ ಅಷ್ಟು ದಿನ ಆ ಮಗು ಅತ್ತು, ನಡುಗಿ, ಒಂದೊಂದೇ ಮೆಟ್ಟಿಲು ಹತ್ತಿದ್ದನ್ನು ಒಂದು ಕ್ಯಾನು ನೀರಿನಲ್ಲಿ ತೊಳೆದುಬಿಟ್ಟರು. ನನ್ನ ಮೈ ಹೇಗೆ ಉರಿಯಿತೆಂದರೆ, ನಿಮ್ಮ ಅಜ್ಜ ಸತ್ತ ದಿನವೂ ನನಗೆ ಹಾಗಾಗಿರಲಿಲ್ಲ.

ಡಾಕ್ಟರು ಬೈಯಲಿಲ್ಲ. "ಮನೆಯಿಂದ ಹೀಗೆ ನೀರು ಬರುವುದಾದರೆ ಇಲ್ಲಿ ಇದ್ದು ಪ್ರಯೋಜನ ಇಲ್ಲಮ್ಮ. ಮನೆಯವರೆಲ್ಲ ಒಂದೇ ಮಾತಿಗೆ ಬರಬೇಕು" ಎಂದಷ್ಟೇ ಹೇಳಿ ಹೋದರು.

ಸುದ್ದಿ ಅಣ್ಣನಿಗೆ ಹೋಯಿತು. ಮರುದಿನ ಬೆಳಿಗ್ಗೆ ಕಾರು ಮಾಡಿಕೊಂಡು ಬಂದರು. ನಿಮ್ಮ ಅಮ್ಮನೂ ಹಿಂದಿನಿಂದ ತಲೆ ತಗ್ಗಿಸಿಕೊಂಡು ಬಂದಳು.

"ಬಟ್ಟೆ ಕಟ್ಟು" ಎಂದರು ನನಗೆ. "ಸಾಕು ಈ ನಾಟಕ. ಹುಚ್ಚರ ನಡುವೆ ನಮ್ಮ ಮಗುವನ್ನು ಮಲಗಿಸಿದ್ದೀರಿ. ಬಸದಿಯಲ್ಲಿ ನಾಲ್ಕು ಜನ ಕೇಳ್ತಾರೆ, ಎಂಥ ಹೇಳಲಿ ನಾನು? ನಾಳೆ ಇವಳಿಗೆ ಗಂಡು ಹುಡುಕುವುದು ಯಾರು, ಆ ಡಾಕ್ಟರಮ್ಮನಾ?"

ಅಮ್ಮಣ್ಣಿ ಮಂಚದಲ್ಲಿ ಎದ್ದು ಕೂತಿದ್ದಳು. ಅವಳ ಕಣ್ಣು ಕಿಟಕಿಯ ಕೆಳಗೆ ನಿಂತ ಕಾರಿನ ಕಡೆಗೇ ಇತ್ತು. ಹೋದರೆ ಮನೆಯ ಬಾವಿ, ಮನೆಯ ಬಟ್ಟೆ, ಯಾರೂ ತಡೆಯುವವರಿಲ್ಲ. ಹೋದರೆ ಮತ್ತೆ ನೀರು ಬಿಡುತ್ತಾಳೆ, ಮತ್ತೆ ಎಲ್ಲೋ ಬೀಳುತ್ತಾಳೆ, ಆಗ ಎತ್ತುವವರು ಇರುತ್ತಾರೋ ಇಲ್ಲವೋ. ಅದು ನನಗೆ ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಅಣ್ಣನ ಎದುರು ನಾನು ಜನ್ಮದಲ್ಲಿ ಬೇಡ ಎಂದು ಹೇಳಿದವಳಲ್ಲ.

ಹಾಗಾಗಿ ಕೈಯಲ್ಲಿ ಏನು ಬರುತ್ತದೋ ಅದನ್ನು ಮಾಡಿದೆ. ವಾರ್ಡಿನ ಕುಡಿಯುವ ನೀರಿನ ನಳ್ಳಿಯಿಂದ ಚೊಂಬು ತುಂಬಿಸಿ ತಂದೆ. ನನ್ನ ಚೀಲದಿಂದ ಸೋಸುವ ಬಟ್ಟೆ ತೆಗೆದು, ಎರಡು ಮಡಿಕೆ ಮಾಡಿ, ಲೋಟದ ಬಾಯಿಗೆ ಹಿಡಿದು ಸೋಸಿದೆ. ಒಮ್ಮೆ. ಅರ್ಧ ನಾನು ಕುಡಿದೆ, ಲೋಟ ಬಾಯಿಗೆ ತಾಗಿಸದೆ ಎತ್ತಿ. ಉಳಿದರ್ಧವನ್ನು ಅಣ್ಣನ ಎದುರು ಹಿಡಿದೆ.

"ಅಣ್ಣ, ನೀವು ಕುಡಿಯಿರಿ."

ನನ್ನ ಕೈಯ ನೀರನ್ನು ಅವರು ಚಿಕ್ಕಂದಿನಿಂದ ಕುಡಿದಿದ್ದಾರೆ. ನಾನು ಒಮ್ಮೆಯೇ ಸೋಸುವುದೆಂದು ಅವರಿಗೆ ಗೊತ್ತಿಲ್ಲವಾ? ಎಲ್ಲ ಗೊತ್ತುಂಟು. ಲೋಟ ತೆಗೆದುಕೊಂಡರು. ಬಾಯಿಗೆ ತೆಗೆದುಕೊಂಡು ಹೋಗಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಮೆಲ್ಲಗೆ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಮತ್ತೊಮ್ಮೆ ತಿರುಗಿಸಿದರು. ಆಮೇಲೆ ಕೇಳಿದರು:

"ಸರಿ ಉಂಟಾ ಇದು?"

ನಾನು ಯೋಚನೆ ಮಾಡಿ ಹೇಳಿದ್ದಲ್ಲ. ಅಷ್ಟು ದಿನ ಹೇಳಿ ಹೇಳಿ ರೂಢಿಯಾದ ಮಾತು ತಾನೇ ಬಂತು.

"ಗೊತ್ತಿಲ್ಲ ಅಣ್ಣ. ಕೂತುಕೊಳ್ಳುವ."

ಮಂಚದ ಮೇಲಿನಿಂದ ಒಂದು ಸದ್ದು ಕೇಳಿತು. ಅಮ್ಮಣ್ಣಿ ನಕ್ಕಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳದೆ. ನಿಮ್ಮ ಅಮ್ಮನೂ ತಲೆ ಎತ್ತಿದಳು. ಪರದೆಯ ಆಚೆಯಿಂದ ಆ ಹೆಂಗಸು, "ಯಾರದು ನಗುವುದು? ನನಗೂ ಹೇಳಿ" ಎಂದಳು.

ಅಣ್ಣನ ಮುಖ ಕಪ್ಪಾಯಿತು. ಲೋಟವನ್ನು ಟಣ್ಣನೆ ಮೇಜಿನ ಮೇಲೆ ಇಟ್ಟರು. "ನಿನಗೂ ತಲೆ ಕೆಟ್ಟಿದೆ."

"ಕೆಟ್ಟಿರಬಹುದು" ಎಂದೆ. ಒಮ್ಮೆ ಬಾಯಿ ತೆರೆದ ಮೇಲೆ ಮುಚ್ಚಲಿಲ್ಲ. "ಈ ಮಗು ಸೋಸಿ ಸೋಸಿ ಸಾಯ್ಲಿಕ್ಕೆ ಆದಾಗ ನೀವು ನೆಂಟರನ್ನು ಕರೆದು ತೋರಿಸಿದ್ರಿ. ಈಗ ಅದು ಬದುಕ್ಲಿಕ್ಕೆ ಕಲಿಯುವಾಗ ನಾಚಿಕೆ ಆಗ್ತದಾ ನಿಮಗೆ? ಇವಳು ಬರುವುದಿಲ್ಲ. ನಾನೂ ಬರುವುದಿಲ್ಲ. ಕ್ಯಾನು ತೆಗೆದುಕೊಂಡು ಹೋಗಿ."

ಅವರು ಅಮ್ಮಣ್ಣಿಯ ಕಡೆ ನೋಡಿದರು. ಅವಳಾದರೂ ಬರುತ್ತಾಳೆ ಎಂದು ಎಣಿಸಿದ್ದರೇನೋ. ಅವಳು ನಗು ನಿಲ್ಲಿಸಿ, ಬೆಡ್‌ಶೀಟಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಕೊನೆಗೆ, "ನಾನು ಅಜ್ಜಿಯ ಹತ್ತಿರ ಇರ್ತೇನೆ ಅಜ್ಜ" ಎಂದಳು. ನಿಮ್ಮ ಅಮ್ಮ ಬಂದು ಮಂಚದ ಮೇಲೆ ಮಗಳ ಬದಿಯಲ್ಲಿ ಕೂತಳು. ಮಾವ ನಿಂತಿರುವಾಗ ಅವಳು ಕೂತದ್ದು ಅದೇ ಮೊದಲು.

ಆ ದಿನ ಅಮ್ಮಣ್ಣಿ ಆ ನೀರು ಕುಡಿದಳು ಎಂದು ಬರೆದರೆ ಚಂದ ಕಾಣುತ್ತಿತ್ತು. ಕುಡಿಯಲಿಲ್ಲ. ಮರುದಿನವೂ ಇಲ್ಲ, ಮತ್ತೆ ಡ್ರಿಪ್ ಹಾಕಬೇಕಾಯಿತು. ಮೆಟ್ಟಿಲನ್ನು ಕೆಳಗಿನಿಂದಲೇ ಹತ್ತಿದೆವು, ಅದೇ ಅಳು, ಅದೇ ಬೈಗುಳ. ಒಂದು ಮಧ್ಯಾಹ್ನ ಅವಳು ತಾನೇ ಸೋಸಿ, ಕಣ್ಣು ಮುಚ್ಚಿ, ಔಷಧಿ ಕುಡಿಯುವ ಹಾಗೆ ಮುಖ ಕಿವುಚಿ ಒಂದು ಲೋಟ ಕುಡಿದಳು. ಆಮೇಲೆ ಸಂಜೆಯವರೆಗೆ ನನ್ನ ಕೈ ಬಿಡಲಿಲ್ಲ. ಸರಿ ಉಂಟಾ ಎಂದು ಕೇಳಲಿಲ್ಲ.

ಈಗ ಅವಳು ಪಿಯುಸಿ. ಮಾತ್ರೆ ತೆಗೆದುಕೊಳ್ಳುತ್ತಾಳೆ, ಆಗಾಗ ಆ ಡಾಕ್ಟರ ಹತ್ತಿರ ಹೋಗುತ್ತಾಳೆ. ಪರೀಕ್ಷೆ ಹತ್ತಿರ ಬಂದರೆ ಮತ್ತೆ ಬೆರಳು ಉಜ್ಜುವುದನ್ನು ಕಾಣುತ್ತೇನೆ. ಪೂರ್ತಿ ಹೋಗಿದೆ ಎಂದು ನಾನು ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಬೆಳಿಗ್ಗೆ ನನ್ನ ಜೊತೆ ಬಾವಿಕಟ್ಟೆಗೆ ಬರುತ್ತಾಳೆ. ಒಮ್ಮೆ ಸೋಸುತ್ತಾಳೆ, ಬಟ್ಟೆ ಜಾಲಾಡಿಸಿ ನೀರನ್ನು ಬಾವಿಗೆ ಬಿಡುತ್ತಾಳೆ, ಹಿಂಡಿ ಹಗ್ಗಕ್ಕೆ ಹಾಕುತ್ತಾಳೆ. ನಮ್ಮ ಕ್ರಮದಲ್ಲಿ ಏನು ಕಮ್ಮಿಯಾಯಿತು ಹೇಳಿ? ಹೊರಗೆ ಹೋದಾಗ ಅಲ್ಲಿಯ ನೀರಲ್ಲಿ ಬಾಯಿ ಮುಕ್ಕಳಿಸಿದರೆ ಅದನ್ನು ಎಣಿಸುವವರು ಎಣಿಸಲಿ.

ಅಣ್ಣ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಎರಡು ಮನೆಗಳ ನಡುವಿನ ಗೇಟು ಮುಚ್ಚಿದೆ. ನನಗೆ ಅದರಿಂದ ದುಃಖವಿಲ್ಲ ಎಂದರೆ ಸುಳ್ಳು, ಒಡಹುಟ್ಟಿದವರು. ಆದರೆ ಕ್ಷಮೆ ಕೇಳಲಿಕ್ಕೆ ಹೋಗು ಎಂದು ನೆಂಟರು ಹೇಳುವಾಗ ನನಗೆ ಮತ್ತೆ ಆ ಕ್ಯಾನು ಕಣ್ಣೆದುರು ಬರುತ್ತದೆ. ಕೆಲವು ಸಲ, ಬೆಳಕಿಗೆ ಲೋಟ ಹಿಡಿದ ಅವರ ಆ ಒಂದು ಕಣ್ಣು ಸಹ ನೆನಪಾಗುತ್ತದೆ. ಅವರನ್ನು ಚಿಕ್ಕಂದಿನಲ್ಲಿ ಯಾರಾದರೂ ಸ್ಟೂಲು ಎಳೆದು ಕೂತು ಕೇಳಿದ್ದರೆ ಏನು ಹೇಳುತ್ತಿದ್ದರೋ. ಅವರನ್ನೂ ಎಲ್ಲರೂ ಹೊಗಳಿಯೇ ಬೆಳೆಸಿದ್ದು. ಅದನ್ನು ಎಣಿಸಿದರೆ ನನ್ನ ಸಿಟ್ಟು ಅವರನ್ನು ದಾಟಿ ಇನ್ನೂ ಹಿಂದಕ್ಕೆ ಹೋಗುತ್ತದೆ.

ಮದುವೆ ಮನೆಯಲ್ಲಿ ಆ ಹೆಂಗಸಿಗೆ ನಾನು ಹೇಳಬೇಕಾಗಿದ್ದದ್ದು ಇದು: ಆಸ್ಪತ್ರೆ ಹಾಳು ಮಾಡಲಿಲ್ಲ. ಹಾಳು ಮಾಡುತ್ತಿದ್ದದ್ದು ನಿಮ್ಮ ಹೊಗಳಿಕೆ. ಬಾಯಿ ಬರಲಿಲ್ಲ, ಬರೆದೆ. ಅಮ್ಮಣ್ಣೀ, ಇನ್ನೊಮ್ಮೆ ಯಾರಾದರೂ ನಿನ್ನ ಗಲ್ಲ ಹಿಡಿದು ಹಾಗೆ ಹೇಳಿದರೆ ನಗಬೇಡ. ಕಿನ್ನೀ, ನಿನ್ನ ಅಕ್ಕ ಟೈಫಾಯ್ಡಿಗಿಂತ ದೊಡ್ಡದರಿಂದ ಎದ್ದು ಬಂದವಳು.

ಈ ಹಾಳೆಗಳನ್ನು ದೊಡ್ಡ ಪೆಟಾರಿಯಲ್ಲಿ ಇಡಬೇಡಿ, ಅದರ ಬೀಗದ ಕೈ ಆಚೆ ಮನೆಯಲ್ಲಿ ಉಂಟು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಮ್ಮಣ್ಣಿಯ ಮಾತ್ರೆ ಇಡುವ ಕಪಾಟಿನಲ್ಲಿ, ನಿಮ್ಮ ಕೈಗೆ ಎಟಕುವಲ್ಲಿ ಇಡಿ. ಮಳೆಗಾಲದಲ್ಲಿ ಪಸೆ ಹಿಡಿಯುತ್ತದೆ, ಮಧ್ಯೆ ಮಧ್ಯೆ ತೆಗೆದು ಬಿಸಿಲಿಗೆ ಹಾಕಿ. ನಿಮ್ಮ ಕಾಲದಲ್ಲಿ, ನಿಮ್ಮ ಮಕ್ಕಳ ಕಾಲದಲ್ಲಿ, ಈ ಮನೆತನದ ಯಾವುದೋ ಮಗು ಬಾವಿಕಟ್ಟೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಯಾರೋ ಕೈ ಮುಗಿಯಲಿಕ್ಕೆ ಬರುತ್ತಾರೆ. ಆಗ ಹುಡುಕಿದರೆ ಸಿಗುವ ಹಾಗೆ ಇವನ್ನು ಜೋಪಾನ ಮಾಡಿ.